ತಂತಿಯ ಕೆಳಗಿನ ಹಳ್ಳ

ಕಾರವಾರ ತಾಲೂಕಿನ ಚೆಂಡಿಯಾ ಗ್ರಾಮದ ನಾಗರಮಡಿ ಜಲಪಾತಕ್ಕೆ 2017ರ ಸೆಪ್ಟೆಂಬರ್ 17ರಂದು ಗೋವಾದಿಂದ ಪ್ರವಾಸಿಗರ ತಂಡವೊಂದು ಬಂದಿತ್ತು. ಅಂದು ಭಾನುವಾರ. ಹಳ್ಳದ ನೀರು ಹಠಾತ್ತನೆ ಏರಿ ಆರು ಮಂದಿ ಕೊಚ್ಚಿಹೋದರು. ಸಹ್ಯಾದ್ರಿಯ ಹಳ್ಳಗಳ ಸ್ವಭಾವ ಬಲ್ಲವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಇಲ್ಲಿ ಬೆಟ್ಟ ಕಡಲಿನ ಮಗ್ಗುಲಿಗೇ ಬಂದು ನಿಂತಿದೆ. ಇಳಿಜಾರು ಕಡಿದು, ಹಳ್ಳದ ಹಾದಿ ಗಿಡ್ಡ. ಕೆಳಗೆ ಬಿಸಿಲಿದ್ದರೂ ನೆತ್ತಿಯ ಮೇಲೆ ಸುರಿದ ಮಳೆ ಅಲ್ಪ ಹೊತ್ತಿನಲ್ಲಿಯೇ ಬಂಡೆಗಳ ಸಂದಿಗೆ ನುಗ್ಗುತ್ತದೆ. ನೀರಿನ ಬಣ್ಣ ಕದಡುವುದು, ತರಗೆಲೆ ತೇಲಿಬರುವುದು, ಹಳ್ಳದ ಸದ್ದು ಬದಲಾಗುವುದು ಊರಿನವರಿಗೆ ತಿಳಿದಿರುವ ಮುನ್ಸೂಚನೆಗಳು. ಬಂದವರಿಗೆ ಅವು ತಿಳಿದಿರುವುದಿಲ್ಲ.

ಕರಾವಳಿಯ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಈಗ ಸಾಹಸ ಕ್ರೀಡೆಗಳ ಹೆಸರು ಮುಂದೆ ಬರುತ್ತದೆ. ಸೇಂಟ್ ಲೂಸಿಯಾ, ಫುಕೆಟ್‌ನಂತಹ ಉಷ್ಣವಲಯದ ದ್ವೀಪಗಳಲ್ಲಿ ಅರ್ಧ ದಿನದ ಜೀಪು ಸವಾರಿ, ಕಾಡಿನ ಮೇಲೆ ಜಿಪ್‌ಲೈನ್, ಜೊತೆಗೊಬ್ಬ ಮಾರ್ಗದರ್ಶಿ ಎಂಬ ಸಿದ್ಧ ಪ್ಯಾಕೇಜು ಮಾರಾಟವಾಗುತ್ತದೆ. ದಾಂಡೇಲಿ, ಜೋಯಿಡಾ ಕಡೆಯ ರೆಸಾರ್ಟುಗಳಲ್ಲಿಯೂ ಜಿಪ್‌ಲೈನ್ ಅಪರೂಪವಾಗಿ ಉಳಿದಿಲ್ಲ. ಕೋಸ್ಟರಿಕಾದ ಕಾಡಿನಲ್ಲಿ ಜೀವಶಾಸ್ತ್ರಜ್ಞರು ಮರಗಳ ಮೇಲ್ಛಾವಣಿಯ ಬದುಕನ್ನು ಅರಿಯಲು ಹಗ್ಗ ಹತ್ತಿ ಓಡಾಡಿದ ವಿಧಾನವೇ ಮುಂದೆ ಈ ಆಟಕ್ಕೆ ದಾರಿಯಾಯಿತು ಎಂಬುದು ಇದನ್ನು ನಡೆಸುವವರಲ್ಲಿ ಹಲವರಿಗೆ ತಿಳಿಯದು. ಕಾಡನ್ನು ತುಳಿಯದೆ ನೋಡಬೇಕೆಂಬ ಹಂಬಲದಿಂದ ಹುಟ್ಟಿದ ವಿದ್ಯೆ, ಕಾಡನ್ನು ನೋಡದೆ ದಾಟಿಹೋಗುವ ಆಟವಾಗಿದೆ.

ಕಾರವಾರಕ್ಕೆ ದ್ವೀಪಗಳಿಗೇನೂ ಕೊರತೆಯಿಲ್ಲ. ಆದರೆ ಅಂಜುದೀವ ನೌಕಾನೆಲೆಯ ಆವರಣಕ್ಕೆ ಸೇರಿದೆ. ಕೂರ್ಮಗಡದ ನರಸಿಂಹನ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ 2019ರ ಜನವರಿ 21ರಂದು ಮಗುಚಿ 16 ಮಂದಿ ಮೃತಪಟ್ಟರು. ಇತ್ತ ಅರ್ಗಾ, ಬಿಣಗಾ ಮೊದಲಾದ ಊರುಗಳ ಕಡಲತೀರ ಸೀಬರ್ಡ್ ಯೋಜನೆಗೆ ಹೋಯಿತು. 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಕಡಲು ಬೇಲಿಯಾಚೆ ಸರಿದ ಮೇಲೆ ಈ ಭಾಗದ ಜನರಿಗೆ ಉಳಿದದ್ದು ಬೆನ್ನ ಹಿಂದಿನ ಬೆಟ್ಟ. ಪ್ರವಾಸದ ಒತ್ತಡವೂ ಅದರ ಮೇಲೆಯೇ ಬೀಳುವುದು ಸಹಜ.

ಆ ಬೆಟ್ಟ ಎಂಥದು? ಮೇಲೆ ಕಲ್ಲಿನಂತಹ ಜಂಬಿಟ್ಟಿಗೆ, ಅದರಡಿ ನೀರು ಕುಡಿದರೆ ಬೆಣ್ಣೆಯಂತಾಗುವ ಶೇಡಿ ಮಣ್ಣು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬೇರು ಮತ್ತು ತರಗೆಲೆಯ ಹೊದಿಕೆ ಇರುವವರೆಗೆ ಈ ನೀರು ನಿಧಾನವಾಗಿ ಇಂಗುತ್ತದೆ, ತೋಟದ ಹರಿಗೆ ಬೇಸಿಗೆಯಲ್ಲಿಯೂ ಬರುತ್ತದೆ. ಜೀಪಿನ ಚಕ್ರ ಒಂದೇ ಜಾಡಿನಲ್ಲಿ ಹತ್ತಾರು ಸಲ ಏರಿಳಿದರೆ ಮಣ್ಣು ಬಿಗಿದು, ನೀರಿಂಗುವ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲ ಮಳೆಗೆ ಆ ಜಾಡೇ ಕಾಲುವೆ, ಮೂರನೆಯ ಮಳೆಗಾಲಕ್ಕೆ ಅದೇ ಕೊರಕಲು. ಇಂಗಬೇಕಾದ ನೀರು ನುಗ್ಗುನೀರಾಗಿ ಹಳ್ಳಕ್ಕೆ ಬೀಳುತ್ತದೆ; ನಾಗರಮಡಿಯಂತಹ ಕಡೆ ಅದರ ಪರಿಣಾಮವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. 2009ರ ಅಕ್ಟೋಬರ್ ಆರಂಭದ ಭಾರಿ ಮಳೆಗೆ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಹೂತುಹೋದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಗಂಗಾವಳಿಗೆ ಜಾರಿತು. ಇವು ಜೀಪು ಸವಾರಿಯಿಂದ ಆದ ಅನಾಹುತಗಳಲ್ಲ, ನಿಜ. ಆದರೆ ಈ ಮಣ್ಣು ಎಷ್ಟರ ಗಾಯವನ್ನು ತಾಳಬಲ್ಲದು ಎಂಬುದನ್ನು ತಿಳಿಯಲು ಇನ್ನೆಷ್ಟು ಪುರಾವೆ ಬೇಕು?

ಚಕ್ರಕ್ಕೆ ಹೋಲಿಸಿದರೆ ತಂತಿಯ ಹಾನಿ ಕಡಿಮೆಯೆಂದು ಒಪ್ಪಬೇಕು. ಅದು ನೆಲವನ್ನು ಸೀಳುವುದಿಲ್ಲ. ಆದರೆ ಗೋಪುರಕ್ಕೆ ಅಡಿಪಾಯ ಬೇಕು, ಅಲ್ಲಿಗೆ ದಾರಿ ಬೇಕು, ತಂತಿ ಸಾಗುವ ಉದ್ದಕ್ಕೂ ಕೊಂಬೆ ಸವರಬೇಕು. ಮಳೆಗಾಲದಲ್ಲಿ ಜನರಿಗೆ ಅಪಾಯವೆಂದು ಆಟವನ್ನು ಬೇಸಿಗೆಗೆ ಸರಿಸಿದರೆ, ಅದೇ ಮಂಗಟ್ಟೆ ಹಕ್ಕಿ ಗೂಡು ಕಟ್ಟುವ ಕಾಲ. ಪೊಟರೆಯ ಬಾಯಿ ಮುಚ್ಚಿಕೊಂಡು ಒಳಗೆ ಕುಳಿತ ಹೆಣ್ಣು ಹಕ್ಕಿ ಗಂಡು ತರುವ ಹಣ್ಣನ್ನೇ ನಂಬಿರುತ್ತದೆ. ದಿನವಿಡೀ ಕಿರುಚಾಟವಿರುವ ಮರದ ಬಳಿಗೆ ಗಂಡು ಬರಲು ಹಿಂಜರಿದರೆ ಒಳಗಿನ ಸಂಸಾರದ ಗತಿಯೇನು? ಮನುಷ್ಯರ ಸುರಕ್ಷತೆಯೂ ಖಾತರಿಯಲ್ಲ: 2024ರ ಮೇ ತಿಂಗಳಲ್ಲಿ ಹಾರೋಹಳ್ಳಿ ಸಮೀಪ ಜಿಪ್‌ಲೈನ್ ದುರಂತದಲ್ಲಿ ಮಹಿಳೆಯೊಬ್ಬರು ಜೀವ ಕಳೆದುಕೊಂಡರು.

ಕಾನೂನಿನ ಆಸರೆಯೂ ತೆಳುವಾಗುತ್ತಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಂತೆ, ಅರಣ್ಯ ಕಾರ್ಯಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳು ಅರಣ್ಯೇತರ ಬಳಕೆ ಎನಿಸುವುದಿಲ್ಲ. ಪರಿಸರ ಎಂಬ ಪದವನ್ನು ಮುಂದಿಟ್ಟುಕೊಂಡು ಏನೆಲ್ಲ ಒಳಬರಬಹುದು ಎಂಬ ಆತಂಕ ನಿರಾಧಾರವಲ್ಲ. ಹೀಗಿರುವಾಗ ಗ್ರಾಮಸಭೆ ಮತ್ತು ಜೀವವೈವಿಧ್ಯ ಸಮಿತಿಗಳು ಪ್ರಸ್ತಾವ ಬರುವ ಮೊದಲೇ ತಮ್ಮ ನಿಲುವನ್ನು ಠರಾವಿನಲ್ಲಿ ದಾಖಲಿಸುವುದು ಒಳಿತು.

ಪ್ರವಾಸಿಗರೇ ಬೇಡವೆಂಬ ವಾದ ಇಲ್ಲಿಲ್ಲ. ಊರಿನ ಯುವಕರಿಗೆ ದುಡಿಮೆ ಬೇಕು. ವಾಹನ ಊರಿನ ರಸ್ತೆಯಲ್ಲಿಯೇ ನಿಲ್ಲಲಿ, ಮುಂದೆ ಕಾಲುನಡಿಗೆ. ಹೆಲ್ಮೆಟ್ ತೊಡಿಸಿ ಕೊಂಡಿ ಸಿಕ್ಕಿಸುವ ಹೊರಗಿನವನಿಗಿಂತ, ಉಪ್ಪಾಗೆ ಹೆಕ್ಕಲು ಆ ಬೆಟ್ಟವನ್ನು ನೂರು ಸಲ ಹತ್ತಿಳಿದವರು ನಿಜವಾದ ಮಾರ್ಗದರ್ಶಿಗಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳ್ಳಕ್ಕಿಳಿಯುವುದು ಪೂರ್ಣ ಬಂದ್ ಆಗಲಿ. ಉಳಿದ ದಿನಗಳಿಗಾಗಿ ಹಳ್ಳದ ಮೇಲ್ಭಾಗದಲ್ಲಿ ಒಂದು ಮಳೆಮಾಪಕ, ಅದನ್ನು ನೋಡಿ ಕೆಳಗೆ ಸೀಟಿ ಊದಿಸಲು ಊರಿನ ಇಬ್ಬರಿಗೆ ಸಂಬಳ. ಚೆಂಡಿಯಾದ ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಮೊದಲು ಬರೆಯಬೇಕಾದ ವಿಷಯ ಇದು.