ನಾಲ್ಕು ತಾಲ್ಲೂಕು, ಒಂದೇ ಕೋಡ್

ಮೊದಲೇ ಹೇಳಿಬಿಡ್ತೀವಿ, ಇದು ನಮ್ಮದೇ ತಪ್ಪಿನ ಕಥೆ. ನಾವು ನಾಲ್ಕು ಜನ ಸೆಕೆಂಡ್ ಇಯರ್‌ನವರು. ಊರು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಮಿನಿ ಪ್ರಾಜೆಕ್ಟ್‌ಗೆ ನಮ್ಮ ತಾಲ್ಲೂಕುಗಳ ಆ್ಯಪ್ ಮಾಡಿದ್ವಿ. ಬಸ್ ಟೈಮ್, ಸಂತೆ ದಿನ ಎಲ್ಲದರಲ್ಲೂ ಬೇಕು. ಬೈಲಹೊಂಗಲಕ್ಕೆ ಹತ್ತಿ ರೇಟು, ಕಿತ್ತೂರಿಗೆ ಕೋಟೆ ಮತ್ತು ಉತ್ಸವ, ಸವದತ್ತಿಗೆ ಯಲ್ಲಮ್ಮನ ಜಾತ್ರೆ. ಸವದತ್ತಿ, ರಾಮದುರ್ಗ ಎರಡಕ್ಕೂ ರೇಣುಕಾಸಾಗರದ ನೀರಿನ ಮಟ್ಟ. ಪೇಪರ್‌ನಲ್ಲಿ ಬಂದಿದ್ದನ್ನು ದಿನಾ ನಾವೇ ಒಂದು ಶೀಟ್‌ಗೆ ತುಂಬುತ್ತಿದ್ವಿ.

ಸವದತ್ತಿ ಆ್ಯಪ್ ಮೊದಲು ಆಯ್ತು. ಉಳಿದ ಮೂರಕ್ಕೆ? ಫೋಲ್ಡರ್ ಕಾಪಿ, ಪೇಸ್ಟ್, ಹೆಸರು ಬದಲು. ಅರ್ಧ ಗಂಟೆ ಕೆಲಸ. ನಾವೇ ಜಾಣರು ಅಂದ್ಕೊಂಡ್ವಿ.

ನಮ್ಮ ಕೋಡ್‌ನಲ್ಲಿ ತಾರೀಖು ಬರೀ ಟೆಕ್ಸ್ಟ್ ಆಗಿತ್ತು. ಟೆಕ್ಸ್ಟ್ ಆಗಿ ಹೋಲಿಸಿದರೆ '10'ಕ್ಕಿಂತ '9' ದೊಡ್ಡದು! ಹಾಗಾಗಿ ಆಗಸ್ಟ್ 10 ಬಂದರೂ ಆ್ಯಪ್ 9ನೇ ತಾರೀಖಿನ ಮಟ್ಟವನ್ನೇ ಹೊಸದು ಅಂತ ತೋರಿಸುತ್ತಿತ್ತು. ಸವದತ್ತಿ ಕಾಪಿಯಲ್ಲಿ ಅವತ್ತೇ ಸರಿ ಮಾಡಿದ್ವಿ. ರಾಮದುರ್ಗದ್ದು ಮರೆತೇ ಹೋಯ್ತು. 12ಕ್ಕೆ ನಮ್ಮಲ್ಲೊಬ್ಬನ ಅಜ್ಜಿ ಫೋನ್ ಮಾಡಿದರು: "ಅಲ್ಲೋ, ನಿಮ್ಮ ಆ್ಯಪ್‌ನ್ಯಾಗ ಮೂರು ದಿನದಿಂದ ನೀರು ನಿಂತಲ್ಲೇ ನಿಂತೈತಿ. ಇಲ್ಲಿ ಹೊಳಿ ಏರಾಕತ್ತೈತಿ."

ಅಜ್ಜಿ ನಗುತ್ತಲೇ ಹೇಳಿದ್ದು, ನಮಗೆ ನಗು ಬರಲಿಲ್ಲ. ಡ್ಯಾಂ ಇರೋದು ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ. ಅಲ್ಲಿಂದ ಬಿಟ್ಟ ನೀರು ಹೋಗೋದು ರಾಮದುರ್ಗದ ಕಡೆಗೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಆ ಕಡೆಯ ಹೊಳಿಸಾಲಿನ ಊರುಗಳಿಗೆ ನೀರು ನುಗ್ಗಿತ್ತು. ಅಂದರೆ ನೀರಿನ ಮಟ್ಟ ಯಾರಿಗೆ ಹೆಚ್ಚು ಮುಖ್ಯವೋ ಅವರ ಆ್ಯಪ್ಪೇ ತಪ್ಪು ಹೇಳುತ್ತಿತ್ತು. ಹೊಳೆ ಒಂದೇ, ಕೋಡ್ ಎರಡು.

ಆಮೇಲೆ ಎಲ್ಲ ಕೆಡವಿ ಕಟ್ಟಿದ್ವಿ. ಆಂಡ್ರಾಯ್ಡ್‌ನ ಗ್ರೇಡಲ್‌ನಲ್ಲಿ 'ಪ್ರಾಡಕ್ಟ್ ಫ್ಲೇವರ್' ಅಂತ ಇದೆ. ಎಲ್ಲರಿಗೂ ಬೇಕಾದ ಕೋಡ್ 'ಮೇನ್' ಫೋಲ್ಡರ್‌ನಲ್ಲಿ ಒಂದೇ ಸಲ. ಊರಿನ ಹೆಸರು, ಐಕಾನ್, ಬಣ್ಣ ಆಯಾ ಫ್ಲೇವರ್‌ನ ಫೋಲ್ಡರ್‌ನಲ್ಲಿ. ನೀರಿನ ಮಟ್ಟ, ಹತ್ತಿ ರೇಟು ಬೇರೆ ಬೇರೆ ಮಾಡ್ಯೂಲ್. ಯಾವ ತಾಲ್ಲೂಕಿಗೆ ಯಾವುದು ಅಂತ ಬಿಲ್ಡ್ ಫೈಲ್‌ನಲ್ಲಿ ಒಂದೊಂದು ಸಾಲು. ಈಗ ನೀರಿನ ಮಾಡ್ಯೂಲ್‌ನಲ್ಲಿ ಒಂದು ಸಲ ಸರಿ ಮಾಡಿದರೆ ಮುಂದಿನ ಬಿಲ್ಡ್‌ನಲ್ಲಿ ಎರಡೂ ತಾಲ್ಲೂಕಿಗೆ ಸರಿ.

ಇದು ಹೊಸ ವಿಚಾರವೇನಲ್ಲ. ಡೇವಿಡ್ ಪಾರ್ನಸ್ 1976ರಲ್ಲೇ 'ಪ್ರೋಗ್ರಾಂ ಕುಟುಂಬ'ಗಳ ಬಗ್ಗೆ ಬರೆದಿದ್ದರು. ಲಿನಕ್ಸ್ ಕರ್ನೆಲ್ ಸಹ ಒಂದೇ ಸೋರ್ಸ್. ಫೋನಿಗೊಂದು, ಸೂಪರ್ ಕಂಪ್ಯೂಟರಿಗೊಂದು ಕಾನ್ಫಿಗ್ ಫೈಲ್.

"ಒಂದೇ ಆ್ಯಪ್ ಮಾಡಿ, ತಾಲ್ಲೂಕು ಆರಿಸೋ ಬಟನ್ ಕೊಟ್ರೆ ಸಾಕಲ್ಲ?" ಅಂತ ಕ್ಲಾಸಲ್ಲಿ ಕೇಳಿದರು. ಪ್ರಶ್ನೆ ಸರಿ. ಬರೀ ಮಾಹಿತಿ ಬೇರೆ ಇದ್ದರೆ ಅದೇ ಸಾಕು, ಫ್ಲೇವರ್ ಗೋಜೇ ಬೇಡ. ನಮಗೆ ಮಾಡ್ಯೂಲ್‌ಗಳೇ ಬೇರೆ ಇದ್ದವು. ಹಾಗಂತ ಕೋಡ್ ತುಂಬಾ 'ಇಫ್ ರಾಮದುರ್ಗ, ಎಲ್ಸ್ ಕಿತ್ತೂರು' ಅಂತ ಬರೆದರೆ ಅದೂ ಕಾಪಿ-ಪೇಸ್ಟ್‌ನಷ್ಟೇ ಕೆಟ್ಟದ್ದು. ಹತ್ತು ಆನ್-ಆಫ್ ಆಯ್ಕೆ ಇಟ್ಟರೆ 1024 ಜೋಡಣೆ. ಯಾರು ಟೆಸ್ಟ್ ಮಾಡ್ತಾರೆ? ನಮಗೆ ನಾಲ್ಕೇ ಫ್ಲೇವರ್, ಡಿಬಗ್ ಮತ್ತು ರಿಲೀಸ್ ಸೇರಿ ಎಂಟು ಬಿಲ್ಡ್. ಪ್ರತಿ ಬದಲಾವಣೆಗೂ ಎಂಟನ್ನೂ ಓಡಿಸ್ತೀವಿ. ಲ್ಯಾಪ್‌ಟಾಪ್ ಬಿಸಿಯಾಗುತ್ತೆ, ಆಗಲಿ.

ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನಲ್ಲೇ ಇತ್ತು, ಆಮೇಲೆ ಬೇರೆಯಾಯ್ತು. ನಾಳೆ ಇನ್ನೊಂದು ತಾಲ್ಲೂಕು ಆದರೆ ನಮಗೆ ಬೇಕಿರೋದು ಒಂದು ಚಿಕ್ಕ ಫೋಲ್ಡರ್ ಮಾತ್ರ.

ನಮ್ಮ ಲ್ಯಾಬ್‌ಗಳಲ್ಲಿ 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಫೋಲ್ಡರ್‌ಗಳು ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು. ಸಬ್ಮಿಷನ್‌ಗೆ ಅದು ನಡೆಯುತ್ತೆ, ಮಾರ್ಕ್ಸೂ ಬರುತ್ತೆ. ಆದರೆ ಆ ಕೋಡನ್ನು ಯಾರದೋ ಅಜ್ಜಿ ನಂಬ್ತಾರೆ ಅಂದಮೇಲೆ ನಡೆಯಬಾರದು. ಮುಂದಿನ ಸಲ ಕಂಟ್ರೋಲ್-ಸಿ ಒತ್ತೋ ಮುಂಚೆ ಒಂದು ನಿಮಿಷ ಯೋಚಿಸಿ: ಇದರಲ್ಲಿ ತಪ್ಪಿದ್ದರೆ ಎಷ್ಟು ಕಡೆ ಹುಡುಕಬೇಕಾಗುತ್ತೆ?