ಪಿ.ಟಿ. ಪೀರಿಯಡ್ ಕದ್ದವರಲ್ಲಿ ನಾವೂ ಇದ್ದೇವೆ

ಕಾಸರಗೋಡಿನ ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಈ ಮಾತು ಬಾಯಿಪಾಠ: "ಪೋರ್ಷನ್ ಮುಗಿಯಲಿಲ್ಲ, ಇವತ್ತು ಪಿ.ಟಿ. ಇಲ್ಲ, ಲೆಕ್ಕದ ಪುಸ್ತಕ ತೆಗೆಯಿರಿ." ಚೆಂಡು ಹಿಡಿದು ಬಾಗಿಲವರೆಗೆ ಹೋದವರು ಹಾಗೇ ವಾಪಸ್ ಬಂದು ಕೂತಿದ್ದೇವೆ. ಹತ್ತನೆಯಲ್ಲಂತೂ ಆ ಪೀರಿಯಡ್ ಟೈಮ್‌ಟೇಬಲಿನಲ್ಲಿ ಮಾತ್ರ ಇತ್ತು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2024ರ ಏಪ್ರಿಲಿನಲ್ಲಿ ಕೇರಳ ಹೈಕೋರ್ಟು, ನಿಯಮದಂತೆ ಆಟದ ಮೈದಾನ ಇಲ್ಲದ ಶಾಲೆಯನ್ನು ಮುಚ್ಚಿಸಬಹುದು ಎಂದೂ ಹೇಳಿತು. ಸರಿ, ಮೈದಾನ ಇದ್ದೂ ಮಕ್ಕಳನ್ನು ಒಳಗೆ ಕೂರಿಸಿದರೆ?

ಟೀಚರನ್ನು ಮಾತ್ರ ಬೈದು ಕೈತೊಳೆಯುವ ಹಾಗಿಲ್ಲ. ಪಿಟಿಎ ಮೀಟಿಂಗಿನಲ್ಲಿ ಮಾರ್ಕಿನ ಬಗ್ಗೆ ಹತ್ತು ಸಲ ಕೇಳುವ ಅಪ್ಪ-ಅಮ್ಮಂದಿರೇ, "ಮಗಳು ಈ ವಾರ ಆಡಿದ್ದಾಳಾ?" ಎಂದು ಒಮ್ಮೆಯಾದರೂ ಕೇಳಿದ್ದೀರಾ? ಎಂಟನೇ ಕ್ಲಾಸಿಗೆ ಬಂದ ಮೇಲೆ ಮರದಡಿ ಕೂತು ಹರಟುವುದೇ ಹುಡುಗಿಯರ ಪಿ.ಟಿ. ನಮ್ಮ ಯೂತ್ ಟೂರ್ನಮೆಂಟಿನಲ್ಲೂ ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಮ್ಯೂಸಿಕಲ್ ಚೇರ್! ಇಟ್ಟವರು ನಾವೇ. ನಾಚಿಕೆಯಾಗಬೇಕು.

"ಆಟದಿಂದ ಹೊಟ್ಟೆ ತುಂಬುತ್ತದಾ?" ಎನ್ನುವವರಿದ್ದಾರೆ. ಲೆಕ್ಕದಿಂದ ಏನು ತುಂಬಿತೋ, ಬಿಎಸ್ಸಿ ಮುಗಿಸಿದ ನಮ್ಮಲ್ಲಿ ಕೆಲವರಿಗೆ ಎರಡು ಮಹಡಿ ಹತ್ತುವಾಗಲೇ ಏದುಸಿರು.

ಮುಂದಿನ ಪಿಟಿಎ ಮೀಟಿಂಗಿಗೆ ಮಕ್ಕಳ ಟೈಮ್‌ಟೇಬಲ್ ಹಿಡಿದುಕೊಂಡೇ ಹೋಗಿ, ಕೇಳಿ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಮೈದಾನದಿಂದ ಕಾರುಗಳನ್ನು ಸ್ವಲ್ಪ ಬೇಗ ತೆಗೆಯಿರಿ. ನೆಟ್ ನಾವು ಕಟ್ಟುತ್ತೇವೆ, ಮೊದಲ ಆಟ ಹುಡುಗಿಯರದ್ದು.