ಕಿಡಿ ಹಾರಿಸೋದು ದೊಡ್ಡಸ್ತಿಕೆ ಅಲ್ಲ

ಕಳೆದ ಫೆಬ್ರವರಿಯಲ್ಲಿ ಘಟ್ಟದ ಕಡೆ ಚಾರಣಕ್ಕೆ ಹೋಗಿದ್ವಿ. ಗುಡ್ಡದ ನೆತ್ತೀಲಿ ಕೂತಾಗ ಗೆಳೆಯನೊಬ್ಬ ಜೇಬಿಂದ ಕಪ್ಪು ಕಡ್ಡಿಯೊಂದನ್ನು ತೆಗೆದು, "ನೋಡ್ರೋ, ಚಕಮಕಿ! ಬೆಂಕಿಪೊಟ್ಣ ಬೇಡ್ವೇ ಬೇಡ" ಅಂತ ಚಾಕುವಿನ ಬೆನ್ನಿಂದ ಸರ್ರನೆ ಕೆರೆದ. ಕಿಡಿಗಳೇನೋ ಜೋರಾಗೇ ಬಂದ್ವು. ಬಿದ್ದದ್ದು ಮಾತ್ರ ಮೊಣಕಾಲುದ್ದದ ಒಣಹುಲ್ಲಿನ ಮೇಲೆ! ನಾಲ್ಕು ಜನ ಬೂಟುಗಾಲಲ್ಲಿ ತುಳಿದು, ಕುಡಿಯೋಕಿದ್ದ ನೀರನ್ನೆಲ್ಲ ಸುರಿದು ಆರಿಸಿದ್ವಿ. ಆಗ ಗಾಳಿ ಬೀಸಿದ್ದಿದ್ರೆ? ನೆನೆಸಿಕೊಂಡ್ರೆ ಈಗಲೂ ಎದೆ ಧಸಕ್ ಅನ್ನುತ್ತೆ.

ಮೊದಲನೇದಾಗಿ, ಅದು ಚಕಮಕಿಯೇ ಅಲ್ಲ ಸ್ವಾಮಿ. ಫೆರೋಸೀರಿಯಂ ಅನ್ನೋ ಮಿಶ್ರಲೋಹ. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಮಾಡಿದ್ದು. ಸಿಗರೇಟ್ ಲೈಟರಿನ 'ಕಲ್ಲು' ಕೂಡ ಅದೇ. ಅದರ ಕಿಡಿಯ ಬಿಸಿ ಸುಮಾರು 3000 ಡಿಗ್ರಿ!

ನಿಜವಾದ ಚಕಮಕಿಯ ಕತೆ ಬೇರೆ. ಬೆಣಚುಕಲ್ಲಿನಂಥ ಗಟ್ಟಿ ಕಲ್ಲಿನ ಚೂಪು ಅಂಚಿಗೆ ಉಕ್ಕು ಹೊಡೆದರೆ, ಉಕ್ಕಿನದೇ ಸಣ್ಣ ಚೂರು ಕಿತ್ತು ಬಂದು ಗಾಳಿಯಲ್ಲಿ ಉರಿಯುತ್ತೆ. ಅಂದ್ರೆ ಕಿಡಿ ಕಲ್ಲಿನದ್ದಲ್ಲ, ಕಬ್ಬಿಣದ್ದು! (ಅಡುಗೆಮನೆಯ ಸ್ಟೀಲ್ ಚಮಚದಲ್ಲಿ ಹೊಡೀಬೇಡಿ, ಬರಲ್ಲ. ಬಡಗಿಯ ಹಳೇ ಅರದ ತುಂಡು ಆಗುತ್ತೆ.) ಈ ಬಡಪಾಯಿ ಕಿಡಿಗೆ ಎಲ್ಲವೂ ಹೊತ್ತಿಕೊಳ್ಳಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟು ಕರಿ ಮಾಡಿದ ಹತ್ತಿಬಟ್ಟೆ ಬೇಕು, ಇಲ್ಲಾಂದ್ರೆ ಬಗನಿಮರದ ಎಲೆಬುಡದ ಅರಳೆ. ಕಿಡಿ ಅದರಲ್ಲಿ ಕೂತು ಕೆಂಡವಾಗಬೇಕು, ಕೆಂಡವನ್ನು ತೆಂಗಿನನಾರಿನ ಗೂಡಲ್ಲಿಟ್ಟು ಮೆಲ್ಲಗೆ ಊದಬೇಕು, ಆಮೇಲೆ ಉರಿ.

ಹಿತ್ತಲಲ್ಲಿ ಇದನ್ನು ಕಲಿಯೋಕೆ ನನಗೆ ಮೂರು ಭಾನುವಾರ ಹಿಡೀತು. ಬೆರಳಿನ ಗೆಣ್ಣೆಲ್ಲ ತರಚಿಹೋಯ್ತು. ಆದ್ರೆ ಆ ನಿಧಾನವೇ ಇದರ ಗುಣ ಅಂತ ನನಗನ್ನಿಸೋದು. ಉರಿ ಏಳೋದರೊಳಗೆ ಒಲೆ ಎಲ್ಲಿ, ಸುತ್ತ ಏನಿದೆ, ಆರಿಸೋಕೆ ನೀರೆಲ್ಲಿ ಅಂತ ಹತ್ತು ಸಲ ಯೋಚನೆ ಮಾಡಿರ್ತೀವಿ. ಆ ಕಪ್ಪು ಕಡ್ಡಿಯಲ್ಲಿ ಕಿಡಿ ಮೊದಲು, ಯೋಚನೆ ಆಮೇಲೆ.

"ಕಾಡಲ್ಲಿ ದಾರಿ ತಪ್ಪಿದ್ರೆ ಬೇಕಾಗಲ್ವಾ?" ಅಂತೀರೇನೋ. ನಮ್ಮ ಘಟ್ಟದಲ್ಲಿ ಬೇಸಿಗೆಯ ಒಂದು ರಾತ್ರಿಗೆ ಒಂದು ಹೊದಿಕೆ, ಒಂದು ಟಾರ್ಚು, ಒಂದು ಸೀಟಿ ಸಾಕು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟದ್ದನ್ನು ಮರೆಯೋಕಾಗುತ್ತಾ? ಮೀಸಲು ಅರಣ್ಯದಲ್ಲಿ ಹಾಗೆ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ ಕೂಡ.

ಚಕಮಕಿ ಕಲೀರಿ, ಮಕ್ಕಳಿಗೂ ಕಲಿಸಿ. ಹಿತ್ತಲಲ್ಲಿ, ಪಕ್ಕದಲ್ಲಿ ಒಂದು ಕೊಡ ನೀರಿಟ್ಟುಕೊಂಡು. ಬೇಸಿಗೆಯಲ್ಲಿ ಗುಡ್ಡ ಹತ್ತುವಾಗ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ನೀವೇನಂತೀರಿ?